ಮುಗಿಲ ದ್ವೀಪದ ನೀಲಿ ಹಾಡುಗಾರ

ಸುತ್ತ ಕಡಲಿಲ್ಲ, ಆದರೂ ಬಾಬಾಬುಡನ್‌ಗಿರಿಯ ನೆತ್ತಿ ಒಂದು ದ್ವೀಪ. ಅಲ್ಲಿನ ಶೋಲಾ ಕಾಡಿನ ಪುಟ್ಟ ಹಕ್ಕಿಗೆ ಬೆಟ್ಟದ ಬುಡದ ಎಮ್ಮೆದೊಡ್ಡಿಯ ಬಯಲೇ ದಾಟಲಾಗದ ಸಮುದ್ರ. ಜಗತ್ತಿನ ಕೆಂಪು ಪಟ್ಟಿಯಲ್ಲಿ ಅದರ ಹೆಸರಿದೆ. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಲೆಕ್ಕದಲ್ಲಿ?

ಮೇ ತಿಂಗಳ ಬೆಳಗು. ಎಮ್ಮೆದೊಡ್ಡಿ ಸೀಮೆಯಲ್ಲಿ ಸೂರ್ಯ ಮೇಲೇರುವ ಮೊದಲೇ ನೆಲ ಕಾದಿರುತ್ತದೆ. ಕುರಿಮಂದೆಯೊಂದು ಕೆಂಪು ಧೂಳೆಬ್ಬಿಸುತ್ತ ಕಾವಲಿನತ್ತ ಹೊರಟಿದೆ. ಕುರುಚಲು ಕಾಡಿನ ಮರಗಳು ಎಲೆ ಉದುರಿಸಿ ನಿಂತಿವೆ. ಮದಗದಕೆರೆಯ ಅಂಚಿನಲ್ಲಿ ಒಣಗಿದ ಕೆಸರು ಬಿರಿದು ಹೆಂಟೆಗಟ್ಟಿದೆ. ಮೊದಲ ಮಳೆ ಬಿತ್ತೆಂದು ಯಾರೋ ಹೇಳಿದ್ದಾರೆ, ಆದರೆ ಬಿದ್ದದ್ದು ಇಲ್ಲಲ್ಲ. ಎಲ್ಲರ ಕಣ್ಣೂ ಪಡುವಣ ದಿಕ್ಕಿಗೆ.

ಪಡುವಣದಲ್ಲಿ ನೀಲಿ ಗೋಡೆಯೊಂದು ಎದ್ದು ನಿಂತಿದೆ. ಅದು ಬಾಬಾಬುಡನ್‌ಗಿರಿ, ಪುರಾಣದ ಚಂದ್ರದ್ರೋಣ ಪರ್ವತ. ಕೆಳಗೆ ಬಿಸಿಲು ಕಾಯುತ್ತಿರುವ ಹೊತ್ತಿನಲ್ಲೇ ಅದರ ನೆತ್ತಿಯನ್ನು ಮಂಜು ಮುತ್ತಿರುತ್ತದೆ. ಹುಲ್ಲುಗುಡ್ಡಗಳ ಮಡಿಕೆಯಲ್ಲಿ ಅಡಗಿರುವ ಗಿಡ್ಡ ಮರಗಳ ಶೋಲಾ ಕಾಡಿನಲ್ಲಿ ಪ್ರತಿ ಕೊಂಬೆಯೂ ಪಾಚಿಯಿಂದ ತೊಯ್ದಿದೆ. ಹೊಳೆಗೊದಗುವಷ್ಟು ನೀರು ಅಲ್ಲಿ ಬೇರುಗಳ ನಡುವೆ ಸದ್ದಿಲ್ಲದೆ ಜಿನುಗುತ್ತಿರುತ್ತದೆ. ಬೆಳಕು ಇನ್ನೂ ನೆಲ ಮುಟ್ಟದ ಆ ಹೊತ್ತಿಗೆ ಪೊದೆಯ ಬುಡದಿಂದ ಸಣ್ಣ ಸಿಳ್ಳೊಂದು ಏಳುತ್ತದೆ. ಏರುತ್ತದೆ, ಇಳಿಯುತ್ತದೆ, ಚಿಲಿಪಿಲಿಯಾಗಿ ಒಡೆದು ಮತ್ತೆ ಕೂಡಿಕೊಳ್ಳುತ್ತದೆ. ಹಾಡುವವನು ಕಾಣಿಸುವುದಿಲ್ಲ.

ಅವನ ಹೆಸರು ನೀಲಗಿರಿ ಶೋಲಾಕಿಳಿ. ಜೀವಿಗಳ ಅಳಿವು ಉಳಿವಿನ ಲೆಕ್ಕ ಇಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಇವನನ್ನು 'ಅಪಾಯಕ್ಕೊಳಗಾದ' ಪ್ರಭೇದಗಳ ಸಾಲಿನಲ್ಲಿ ಇಟ್ಟಿದೆ. ಹುಲಿಯನ್ನು ಇಟ್ಟಿರುವುದೂ ಅದೇ ಸಾಲಿನಲ್ಲಿ. ಹುಲಿಯ ಸುದ್ದಿ ನಮಗೆಲ್ಲ ಗೊತ್ತು. ನಮ್ಮ ಜಿಲ್ಲೆಯ ಬೆಟ್ಟದಲ್ಲೇ ಹಾಡುವ ಈ ಹಕ್ಕಿಯ ಸುದ್ದಿ ಎಷ್ಟು ಮಂದಿಗೆ ಗೊತ್ತು?

ನೆರಳಿನ ಜೀವ

ಗುಬ್ಬಚ್ಚಿಗಿಂತ ಅಷ್ಟೇನೂ ದೊಡ್ಡದಲ್ಲ. ಬೆನ್ನು, ಎದೆ ಮಾಸಿದ ನೀಲಿ. ಹೊಟ್ಟೆಯ ಪಕ್ಕಗಳಲ್ಲಿ ಕಾವಿಗೆಂಪು, ನಡುವೆ ಬಿಳುಪು. ಕಣ್ಣಿನ ಮುಂದೆ ಕಪ್ಪು, ಅದರ ಮೇಲೆ ತೆಳುವಾದ ಹುಬ್ಬಿನ ಗೆರೆ. ಕಾಲು ಉದ್ದ, ರೆಕ್ಕೆ ಗಿಡ್ಡ. ಈ ರೆಕ್ಕೆಯ ಕಾರಣದಿಂದಲೇ ಹಳೆಯ ಪುಸ್ತಕಗಳಲ್ಲಿ ಇದು 'ಶಾರ್ಟ್‌ವಿಂಗ್' ಎಂದೇ ದಾಖಲಾಗಿತ್ತು.

ಹಾರಾಟ ಇದರ ಕಸುಬಲ್ಲ. ತರಗೆಲೆ ಹಾಸಿದ ನೆಲದ ಮೇಲೆ ಕುಪ್ಪಳಿಸುತ್ತ, ಹುಳುಹುಪ್ಪಟೆ ಹೆಕ್ಕುತ್ತ, ಬಿದ್ದ ಮರದ ಕೆಳಗೆ ನುಸುಳುತ್ತ ದಿನ ಕಳೆಯುತ್ತದೆ. ಬೆಳಗಿನ ಮಬ್ಬಿನಲ್ಲಿ, ಸಂಜೆಯ ಮಸುಕಿನಲ್ಲಿ ಮಾತ್ರ ಕಾಡಿನ ಕಾಲುದಾರಿಗೆ ಬರುವ ಧೈರ್ಯ ಮಾಡುತ್ತದೆ. ಬಿಸಿಲು ಬಿದ್ದ ಬಯಲೆಂದರೆ ಇದಕ್ಕೆ ಆಗದು. ಮಲೆನಾಡಿಗರಿಗೆಲ್ಲ ಗೊತ್ತಿರುವ ಸಿಳ್ಳಾರ ಹಕ್ಕಿ ಹಳ್ಳದ ಬಂಡೆಯ ಮೇಲೆ ಎದೆ ಉಬ್ಬಿಸಿ ನಿಂತು ಸಿಳ್ಳು ಹಾಕುತ್ತದೆ. ಶೋಲಾಕಿಳಿಗೆ ಆ ಸಲುಗೆಯಿಲ್ಲ.

ಮುಂಗಾರಿನ ಆಸುಪಾಸಿನಲ್ಲಿ ಇದರ ಸಂಸಾರ. ಮರದ ಪೊಟರೆಯಲ್ಲೋ, ದಿಬ್ಬದ ಮಣ್ಣಿನ ಬಿಲದಲ್ಲೋ ಪಾಚಿ ಮತ್ತು ಬೇರಿನ ಎಳೆಗಳಿಂದ ಗೂಡು. ಇಡುವುದು ಎರಡೇ ಮೊಟ್ಟೆ. ಹೀಗೆ ಎರಡೆರಡೇ ಮರಿ ಮಾಡುವ ಹಕ್ಕಿಗೆ ಒಂದು ಕೆಟ್ಟ ವರ್ಷ ಬಂದರೆ ಅದರ ನಷ್ಟ ತುಂಬಲು ಬಹಳ ವರ್ಷ ಬೇಕು.

---

ಪರಿಚಯ ಚೀಟಿ

ಹೆಸರು: ನೀಲಗಿರಿ ಶೋಲಾಕಿಳಿ (ವೈಜ್ಞಾನಿಕವಾಗಿ ಶೋಲಿಕೋಲ ಮೇಜರ್)

ಮೊದಲು ವಿವರಿಸಿದ್ದು: ಮದರಾಸು ಪ್ರಾಂತ್ಯದ ಸೇನಾ ವೈದ್ಯ ಥಾಮಸ್ ಜೆರ್ಡನ್, 1844

ನೆಲೆ: ಪಾಲ್ಘಾಟ್ ಕಣಿವೆಯ ಉತ್ತರಕ್ಕೆ ನೀಲಗಿರಿ, ಬಾಣಾಸುರ, ಬ್ರಹ್ಮಗಿರಿ, ಬಾಬಾಬುಡನ್‌ಗಿರಿಯ ಎತ್ತರದ ಶೋಲಾಗಳು. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ

ಸ್ಥಿತಿ: ಐಯುಸಿಎನ್ ಪಟ್ಟಿಯಲ್ಲಿ 'ಅಪಾಯಕ್ಕೊಳಗಾದ' ಪ್ರಭೇದ

---

ಬಯಲೇ ಕಡಲು

ಕಡೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಪಡುವಣಕ್ಕೆ ಹೋದಂತೆ ನೆಲ ಥಟ್ಟನೆ ಏರಿ, ಮುಳ್ಳಯ್ಯನಗಿರಿಯಲ್ಲಿ 1,930 ಮೀಟರ್ ಮುಟ್ಟುತ್ತದೆ. ಕರ್ನಾಟಕದಲ್ಲಿ ಅದಕ್ಕಿಂತ ಎತ್ತರದ ಶಿಖರವಿಲ್ಲ. ಕೆಳಗೆ ಬಯಲುಸೀಮೆಯ ಬರ, ಮೇಲೆ ಮಲೆಯ ಮಂಜು. ಕೆಳಗಿನ ಹಕ್ಕಿಗೆ ಮೇಲಿನ ಚಳಿ ಒಗ್ಗದು, ಮೇಲಿನ ಹಕ್ಕಿಗೆ ಕೆಳಗಿನ ಬಿಸಿಲು ಒಗ್ಗದು.

ವಿಜ್ಞಾನಿಗಳು ಇಂಥ ನೆತ್ತಿಗಳನ್ನು 'ಆಗಸದ ದ್ವೀಪ'ಗಳೆನ್ನುತ್ತಾರೆ. ನೀಲಗಿರಿ ಒಂದು ದ್ವೀಪ, ಪಳನಿ ಇನ್ನೊಂದು, ಬ್ರಹ್ಮಗಿರಿ ಮಗದೊಂದು, ಬಾಬಾಬುಡನ್‌ಗಿರಿ ಉತ್ತರದ ತುದಿಯಲ್ಲಿರುವ ಮತ್ತೊಂದು. ನಡುವಿನ ಕಣಿವೆ, ಬಯಲುಗಳು ಶೋಲಾ ಹಕ್ಕಿಯ ಮಟ್ಟಿಗೆ ನೀರಿಲ್ಲದ ಕಡಲು. ಎಮ್ಮೆದೊಡ್ಡಿ ಆ ಕಡಲಿನ ದಂಡೆ.

ಇದು ಬರೀ ಚಂದದ ಮಾತಲ್ಲ. ಹಕ್ಕಿಗಳ ರಕ್ತದಲ್ಲೇ ಇದರ ಸಾಕ್ಷಿಯಿದೆ.

ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ಉಮಾ ರಾಮಕೃಷ್ಣನ್ ಅವರೊಂದಿಗೆ ಕೆಲಸ ಮಾಡಿದ ವಿ.ವಿ. ರಾಬಿನ್ ಮತ್ತು ಸಂಗಡಿಗರು ವರ್ಷಗಳ ಕಾಲ ಪಶ್ಚಿಮಘಟ್ಟದ ನೆತ್ತಿಗಳನ್ನು ಹತ್ತಿದರು. ಮಂಜಿನಲ್ಲಿ ತೆಳುವಾದ ಬಲೆ ಕಟ್ಟಿ, ಸಿಕ್ಕ ಹಕ್ಕಿಯಿಂದ ಹನಿ ರಕ್ತ ತೆಗೆದುಕೊಂಡು ಅದನ್ನು ಹಾರಿಬಿಟ್ಟರು. ಒಂಬತ್ತು ತಾಣಗಳ 23 ಪ್ರಭೇದಗಳ 356 ಹಕ್ಕಿಗಳ ವಂಶವಾಹಿಯನ್ನು ಹೋಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದಿಷ್ಟು: ಆ 23ರಲ್ಲಿ 10 ಪ್ರಭೇದಗಳು ಪಾಲ್ಘಾಟ್ ಕಣಿವೆಯ ಆಚೆಗೊಂದು, ಈಚೆಗೊಂದು ಕವಲಾಗಿ ಒಡೆದಿವೆ. ಆ ಹತ್ತರಲ್ಲಿ ಕೆಲವು, ಇನ್ನೂ ಕಿರಿದಾದ ಕಣಿವೆಗಳ ಬಳಿಯೂ ಮತ್ತೆ ಕವಲೊಡೆದಿವೆ.

ಪಾಲ್ಘಾಟ್ ಕಣಿವೆಯ ಅಗಲ ಮೂವತ್ತು ನಲವತ್ತು ಕಿಲೋಮೀಟರ್. ಬಸ್ಸಿನಲ್ಲಿ ಕೂತರೆ ಒಂದು ನಿದ್ದೆ ಮುಗಿಯುವಷ್ಟರಲ್ಲಿ ದಾಟಿರುತ್ತೇವೆ. ಶೋಲಾಕಿಳಿಯ ಕುಲ ಅದನ್ನು ದಾಟಿ ಬೆರೆಯದೆ ದಶಲಕ್ಷಗಟ್ಟಲೆ ವರ್ಷಗಳಾಗಿವೆ. ಉತ್ತರದ ದಂಡೆಯಲ್ಲಿ ಕಾವಿಹೊಟ್ಟೆಯ ಹಕ್ಕಿ, ದಕ್ಷಿಣದ ದಂಡೆಯಲ್ಲಿ ಬಿಳಿಹೊಟ್ಟೆಯ ಹಕ್ಕಿ. ಮೊದಲು ಒಂದೇ ಆಗಿದ್ದವು ಬೇರೆ ಬೇರೆಯೇ ಆಗಿಹೋದವು.

2017ರಲ್ಲಿ ಇದೇ ತಂಡ, ಅಮೆರಿಕದ ಪಕ್ಷಿತಜ್ಞೆ ಸುಷ್ಮಾ ರೆಡ್ಡಿ ಮೊದಲಾದವರೊಂದಿಗೆ ಇನ್ನೂ ದೊಡ್ಡ ಸುದ್ದಿ ಕೊಟ್ಟಿತು. ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ತಜ್ಞರು ಈ ಹಕ್ಕಿಯನ್ನು ಒಂದು ಕುಲದಿಂದ ಮತ್ತೊಂದಕ್ಕೆ ಎತ್ತಿಹಾಕುತ್ತಲೇ ಬಂದಿದ್ದರು. ಹಿಮಾಲಯದ, ಆಗ್ನೇಯ ಏಷ್ಯಾದ ಯಾವುದೋ ಹಕ್ಕಿಯ ದೂರದ ನೆಂಟನೆಂದೇ ಲೆಕ್ಕ. ವಂಶವಾಹಿ ಬೇರೆಯದನ್ನೇ ಹೇಳಿತು. ಇವು ಯಾರ ಮನೆಯ ಬಾಡಿಗೆದಾರರೂ ಅಲ್ಲ, ಶೋಲಾದಲ್ಲೇ ಹುಟ್ಟಿ ಕವಲೊಡೆದ ಪ್ರತ್ಯೇಕ ಕುಲ. ನೆಂಟಸ್ತಿಕೆಯಲ್ಲಿ ರಾಬಿನ್ ಹಕ್ಕಿಗಳಿಗಿಂತ ನೊಣಹಿಡುಕಗಳಿಗೆ ಹತ್ತಿರ. ಹೀಗೆ 'ಶೋಲಿಕೋಲ' ಎಂಬ ಹೊಸ ಕುಲ ಹುಟ್ಟಿತು. ಜೊತೆಗೆ ಕೇರಳ ತಮಿಳುನಾಡಿನ ದಕ್ಷಿಣದ ತುದಿಯ ಅಶಂಬು ಬೆಟ್ಟಗಳಿಂದ ಹೊಸ ಪ್ರಭೇದವೊಂದೂ ಸೇರಿತು. ಅದೇ ಲೇಖನದಲ್ಲಿ ನಗೆಮಲ್ಲ ಹಕ್ಕಿಗಳಿಗೂ 'ಮಾಂಟೆಸಿಂಕ್ಲ' ಎಂಬ ಹೊಸ ಕುಲ ಸಿಕ್ಕಿತು. ಆ ಕುಲದ ಬಾಣಾಸುರ ನಗೆಮಲ್ಲ ವಯನಾಡಿನ ಬೆಟ್ಟಗಳು ಮತ್ತು ಬ್ರಹ್ಮಗಿರಿ ಸಾಲು ಬಿಟ್ಟು ಎಲ್ಲೂ ಸಿಗದು.

ಹಾಡಿನಲ್ಲೂ ಕಣಿವೆ ಕೇಳಿಸುತ್ತದೆ. ಬಿಳಿಹೊಟ್ಟೆಯ ಶೋಲಾಕಿಳಿಯ ಹಾಡನ್ನು ಬೆಟ್ಟದಿಂದ ಬೆಟ್ಟಕ್ಕೆ ಧ್ವನಿಮುದ್ರಿಸಿ ಹೋಲಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಪುರಾತನ ಕಣಿವೆಯಿಂದ ಅಗಲಿದ ಹಕ್ಕಿಗಳ ಹಾಡು ಒಂದು ಬಗೆಯಲ್ಲಿ ಬೇರೆಯಾಗಿದೆ. ಇತ್ತೀಚಿನ ಕಾಡುನಾಶದಿಂದ ಅಗಲಿದ ಹಕ್ಕಿಗಳ ಹಾಡು ಇನ್ನೊಂದು ಬಗೆಯಲ್ಲಿ ಬೇರೆಯಾಗತೊಡಗಿದೆ. ಈ ಎರಡನೆಯ ಮಾತು ಓದುವಾಗ ನನಗೆ ದಿಗಿಲಾಯಿತು. ಭೂಮಿ ಯುಗಗಟ್ಟಲೆ ತೆಗೆದುಕೊಂಡು ಮಾಡಿದ ಬೇರ್ಪಡಿಕೆಯನ್ನು ನಾವು ನಾಲ್ಕೈದು ತಲೆಮಾರಿನಲ್ಲಿ ಮಾಡಿದ್ದೇವೆ, ಅದು ಆಗಲೇ ಹಕ್ಕಿಯ ಕೊರಳಿನಲ್ಲಿ ಕೇಳಿಸುತ್ತಿದೆ.

ಒಂದು ಹೆಸರು, ಹಲವು ದ್ವೀಪ

ಐಯುಸಿಎನ್‌ನ ಕೆಂಪು ಪಟ್ಟಿ ಶುರುವಾದದ್ದು 1964ರಲ್ಲಿ. ಒಂದು ಪ್ರಭೇದ 'ಅಪಾಯಕ್ಕೊಳಗಾದ' ಸಾಲಿಗೆ ಸೇರಲು ಹಲವು ಅಳತೆಗಳಿವೆ. ಅವುಗಳಲ್ಲಿ ಒಂದು, ವ್ಯಾಪ್ತಿ. ಜೀವಿಯ ನೆಲೆಗಳನ್ನೆಲ್ಲ ಸುತ್ತಿ ಗೆರೆ ಎಳೆದರೆ 5,000 ಚದರ ಕಿ.ಮೀ.ಗಿಂತ ಕಡಿಮೆ ಇರಬೇಕು, ಅಥವಾ ಅದು ನಿಜವಾಗಿ ಬದುಕಿರುವ ಜಾಗ 500 ಚದರ ಕಿ.ಮೀ.ಗಿಂತ ಕಡಿಮೆ ಇರಬೇಕು. ಅದರ ಜೊತೆಗೆ ನೆಲೆ ಚೂರುಚೂರಾಗಿರುವುದು, ಇನ್ನೂ ಕುಗ್ಗುತ್ತಿರುವುದು ಮುಂತಾದ ಲಕ್ಷಣಗಳೂ ಕಾಣಬೇಕು.

ಪಳನಿಯ ಹಕ್ಕಿಯನ್ನೂ ನೀಲಗಿರಿಯ ಹಕ್ಕಿಯನ್ನೂ ಒಂದೇ ಎಂದು ಎಣಿಸುತ್ತಿದ್ದ ಕಾಲದಲ್ಲಿ ಅದರ ನಕ್ಷೆ ದೊಡ್ಡದಾಗಿ ಕಾಣುತ್ತಿತ್ತು. ಬೇರೆ ಬೇರೆ ಎಂದು ಗೊತ್ತಾದ ಮೇಲೆ ಒಂದೊಂದರ ಪಾಲಿನ ನೆಲ ಕುಗ್ಗಿತು. ಕಾಡಿನಲ್ಲಿ ಒಂದು ಹಕ್ಕಿಯೂ ಕಡಿಮೆಯಾಗಿರಲಿಲ್ಲ, ಆದರೂ ಅಪಾಯ ಹೆಚ್ಚಿತ್ತು. ಅಪಾಯ ಮೊದಲೂ ಅಷ್ಟೇ ಇತ್ತು, ನಮಗೆ ತಿಳಿದಿರಲಿಲ್ಲ ಅಷ್ಟೆ.

ಈ ಲೇಖನದ ಹಟ ಇಲ್ಲಿಯೇ ಇದೆ. ಪಟ್ಟಿ ಪ್ರಭೇದವನ್ನು ಎಣಿಸುತ್ತದೆ, ದ್ವೀಪವನ್ನು ಎಣಿಸುವುದಿಲ್ಲ. ಮುಂದೆಂದೋ ನೀಲಗಿರಿಯಲ್ಲಿ ಶೋಲಾಕಿಳಿ ಚೇತರಿಸಿಕೊಂಡರೆ ಪಟ್ಟಿಯಲ್ಲಿ ಅದರ ಸ್ಥಾನ ಸುಧಾರಿಸಬಹುದು. ಅದೇ ಹೊತ್ತಿಗೆ ಬಾಬಾಬುಡನ್‌ಗಿರಿಯಲ್ಲಿ ಕೊನೆಯ ಹಕ್ಕಿ ಸತ್ತಿದ್ದರೂ ಆ ಪಟ್ಟಿಯಲ್ಲಿ ಅದು ಕಾಣದು. ನೀಲಗಿರಿಯ ಹಕ್ಕಿ ಇಲ್ಲಿಗೆ ಹಾರಿ ಬಂದು ಖಾಲಿಯಾದ ಶೋಲಾವನ್ನು ತುಂಬುವುದೂ ಇಲ್ಲ. ನಡುವೆ ಮೈಸೂರು, ಹಾಸನದ ಬಯಲಿದೆ, ಕಾಫಿ ತೋಟವಿದೆ, ಹೆದ್ದಾರಿಯಿದೆ. ಗಿಡ್ಡ ರೆಕ್ಕೆಯ ನೆರಳುಜೀವಿಗೆ ಅದು ದಾರಿಯಲ್ಲ. ಇಲ್ಲಿ ಹೋದದ್ದು ಹೋದಂತೆಯೇ.

ನಿಜವಾದ ದ್ವೀಪಗಳು ಕಲಿಸಿದ್ದು

ದ್ವೀಪದ ಹಾಡುಹಕ್ಕಿಗಳಿಗೆ ಏನಾಗುತ್ತದೆಂದು ತಿಳಿಯಲು ಊಹೆ ಬೇಕಿಲ್ಲ. ಪೆಸಿಫಿಕ್ ಸಾಗರದ ಹವಾಯಿ ಅದನ್ನು ಕಂಡುಂಡಿದೆ.

ಅಲ್ಲಿಗೆ 1826ರ ಸುಮಾರಿಗೆ ಹಡಗಿನ ನೀರಿನ ಜೊತೆ ಸೊಳ್ಳೆ ಬಂದಿಳಿಯಿತು. ಆಮೇಲೆ ಹಕ್ಕಿಗಳ ಮಲೇರಿಯಾ. ಆ ರೋಗವನ್ನೇ ಕಾಣದಿದ್ದ ಕಾಡುಹಕ್ಕಿಗಳು ತಗ್ಗಿನ ಕಾಡುಗಳಿಂದ ಅಳಿದವು. ಬದುಕುಳಿದದ್ದು ಬಹುತೇಕ ಎತ್ತರದಲ್ಲಿದ್ದವೇ, ಏಕೆಂದರೆ ಅಲ್ಲಿನ ಚಳಿಯಲ್ಲಿ ಸೊಳ್ಳೆ ಬೆಳೆಯುತ್ತಿರಲಿಲ್ಲ. ಈಗ ಬಿಸಿ ಏರುತ್ತಿದೆ. ಸೊಳ್ಳೆಯೂ ಬೆಟ್ಟ ಹತ್ತುತ್ತಿದೆ. ಕೌವಾಯಿ ದ್ವೀಪದ 'ಓಓ' ಹಕ್ಕಿಯ ದನಿ ಕೊನೆಯದಾಗಿ ಕೇಳಿದ್ದು 1987ರಲ್ಲಿ. 2023ರ ಅಕ್ಟೋಬರಿನಲ್ಲಿ ಅಮೆರಿಕ ಸರಕಾರ 21 ಜೀವಿಗಳನ್ನು ಅಳಿದುಹೋದವೆಂದು ಸಾರಿ ತನ್ನ ರಕ್ಷಣಾ ಪಟ್ಟಿಯಿಂದ ತೆಗೆದಾಗ, ಅದರಲ್ಲಿ ಎಂಟು ಹವಾಯಿಯ ಹಕ್ಕಿಗಳಿದ್ದವು.

ಇನ್ನೊಂದು ದ್ವೀಪ, ಇನ್ನೊಂದು ಕತೆ. ಹಿಂದೂ ಮಹಾಸಾಗರದ ಸೇಶೆಲ್ಸ್‌ನಲ್ಲಿ ನಮ್ಮ ಮಡಿವಾಳ ಹಕ್ಕಿಯ ದಾಯಾದಿಯೊಂದಿದೆ. ನಮ್ಮದರಂತೆಯೇ ಕಪ್ಪು ಬಿಳುಪು, ಅದೇ ಕುಲ. ಬೆಕ್ಕು, ಇಲಿಗಳು ಬಂದ ಮೇಲೆ ಅದು ದ್ವೀಪದಿಂದ ದ್ವೀಪಕ್ಕೆ ಅಳಿಯುತ್ತ, 1960ರ ದಶಕದ ಹೊತ್ತಿಗೆ ಫ್ರೆಗೇಟ್ ಎಂಬ ಒಂದೇ ದ್ವೀಪದಲ್ಲಿ ಇಪ್ಪತ್ತಕ್ಕೂ ಕಡಿಮೆ ಉಳಿದಿತ್ತು. 1990ರಲ್ಲಿ ಗಂಭೀರವಾದ ಉಳಿವಿನ ಕೆಲಸ ಆರಂಭವಾಯಿತು. ಬೇಟೆಗಾರ ಪ್ರಾಣಿಗಳನ್ನು ದೂರವಿಟ್ಟರು, ದೇಶೀ ಮರ ನೆಟ್ಟರು, ಗೂಡುಪೆಟ್ಟಿಗೆ ಕೊಟ್ಟರು, ಕೆಲವು ಹಕ್ಕಿಗಳನ್ನು ಕೂಸಿನ್ ಮೊದಲಾದ ಸುರಕ್ಷಿತ ದ್ವೀಪಗಳಿಗೆ ಒಯ್ದು ಬಿಟ್ಟರು. 2005ರಲ್ಲಿ ಅದು 'ತೀವ್ರ ಅಪಾಯ'ದ ಸಾಲಿನಿಂದ ಒಂದು ಮೆಟ್ಟಿಲು ಕೆಳಗಿಳಿಯಿತು.

ಅಲ್ಲಿ ಕೆಲಸ ಮಾಡಿದವರು ಮೊದಲು ಮಾಡಿದ್ದು ಎಣಿಕೆ. ಒಂದೊಂದು ದ್ವೀಪದಲ್ಲಿ ಎಷ್ಟು ಹಕ್ಕಿ, ಯಾವ ಜೋಡಿ ಎಲ್ಲಿ, ಎಷ್ಟು ಮರಿ ಎಂಬುದು ಅವರಿಗೆ ಗೊತ್ತಿತ್ತು. ಹಾಗಾಗಿ ಒಂದು ದ್ವೀಪದಲ್ಲಿ ಹಕ್ಕಿ ಕಡಿಮೆಯಾದರೆ ಕೂಡಲೇ ತಿಳಿಯುತ್ತಿತ್ತು.

ನಮ್ಮ ದ್ವೀಪದ ಪಾಡು

ನೀಲಗಿರಿಯ ದೊಡ್ಡಬೆಟ್ಟ 2,637 ಮೀಟರ್. ನಮ್ಮ ಮುಳ್ಳಯ್ಯನಗಿರಿ ಅದಕ್ಕಿಂತ ಏಳುನೂರು ಮೀಟರ್ ಕುಳ್ಳು. ಬಿಸಿಲ ಕಾವು ಏರಿ ಶೋಲಾ ಒಣಗತೊಡಗಿದರೆ ನೀಲಗಿರಿಯ ಹಕ್ಕಿಗೆ ಮೇಲಕ್ಕೆ ಸರಿಯಲು ಇನ್ನಷ್ಟು ಬೆಟ್ಟವಿದೆ. ಬಾಬಾಬುಡನ್‌ಗಿರಿಯ ಹಕ್ಕಿಗೆ ಇಲ್ಲ. ಅದು ಆಗಲೇ ಮೇಲಿನ ಅಂತಸ್ತಿನಲ್ಲಿದೆ. ಹವಾಯಿಯ ಪಾಠ ನಮಗೆ ತಾಗುವುದು ಇಲ್ಲಿ.

ಕೆಳಗಿನಿಂದ ಹತ್ತಿ ಬಂದದ್ದು ಕಾಫಿ. ಹದಿನೇಳನೇ ಶತಮಾನದಲ್ಲಿ ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದು ಈ ಬೆಟ್ಟದಲ್ಲಿ ಬಿತ್ತಿದರೆಂಬ ಐತಿಹ್ಯ ಎಲ್ಲರಿಗೂ ಗೊತ್ತು. ಆಮೇಲೆ ಇಳಿಜಾರುಗಳೆಲ್ಲ ತೋಟವಾದವು. ನೆರಳುಮರ ಉಳಿಸಿಕೊಂಡ ಕಾಫಿ ತೋಟ ಬಹಳಷ್ಟು ಹಕ್ಕಿಗಳಿಗೆ ಆಸರೆ, ಅದನ್ನು ಮೆಚ್ಚಲೇಬೇಕು. ಆದರೆ ನೆಲದ ಪೊದೆ ಸವರಿ, ತರಗೆಲೆ ಒಟ್ಟುಮಾಡಿದ ತೋಟ ಶೋಲಾಕಿಳಿಗೆ ಮನೆಯಾಗಲಾರದು. ಅದಕ್ಕೆ ಬೇಕಾದದ್ದು ಮರದ ತುದಿಯಲ್ಲ, ಕತ್ತಲೆಯ ಬುಡ.

ಉತ್ತರದ ಅಂಚಿನ ಕೆಮ್ಮಣ್ಣುಗುಂಡಿಯಲ್ಲಿ ಭದ್ರಾವತಿಯ ಉಕ್ಕಿನ ಕಾರ್ಖಾನೆಗಾಗಿ ದಶಕಗಳ ಕಾಲ ಕಬ್ಬಿಣದ ಅದಿರು ತೆಗೆದರು. ತಣಿಗೆಬೈಲಿನವರೆಗೆ ತೂಗುತೊಟ್ಟಿಲಿನಲ್ಲಿ ಅದಿರು ಇಳಿಯುತ್ತಿತ್ತು. ಪಶ್ಚಿಮಕ್ಕೆ ಭದ್ರಾ ಹುಲಿ ಮೀಸಲು ಇದೆ, 1998ರಲ್ಲಿ ಘೋಷಣೆಯಾದದ್ದು. ಹುಲಿಗಾಗಿ ಎಳೆದ ಗೆರೆ ನೆತ್ತಿಯ ಶೋಲಾಗಳನ್ನೆಲ್ಲ ಒಳಗೊಳ್ಳುವುದಿಲ್ಲ. ಮುಳ್ಳಯ್ಯನಗಿರಿಯ ಸುತ್ತ ಸಂರಕ್ಷಣಾ ಮೀಸಲು ಬೇಕೆಂಬ ಪ್ರಸ್ತಾವ ವರ್ಷಗಳಿಂದ ಚರ್ಚೆಯಲ್ಲಿದೆ. ಊರವರ ಆತಂಕವೂ ಸುಳ್ಳಲ್ಲ. ಮೀಸಲೆಂದರೆ ದಾರಿ ಮುಚ್ಚುತ್ತಾರೆ, ದನ ಅಟ್ಟಲು ಬಿಡುವುದಿಲ್ಲ ಎಂಬ ಅನುಭವ ಅವರಿಗಿದೆ. ಅವರನ್ನು ಕೂರಿಸಿಕೊಂಡು ಮಾತಾಡದೆ ಎಳೆದ ಗೆರೆ ಹಕ್ಕಿಯನ್ನೂ ಕಾಯದು.

ಇನ್ನೊಂದು ಅಪಾಯ ಕಾಣುವುದು ಹಸಿರಾಗಿಯೇ. ಹುಲ್ಲುಗುಡ್ಡವೆಂದರೆ ಮರ ಕಡಿದು ಬೋಳಾದ ಜಾಗ, ಅಲ್ಲಿ ಗಿಡ ನೆಟ್ಟರೆ ಪುಣ್ಯ ಎಂಬ ನಂಬಿಕೆ ಬ್ರಿಟಿಷರ ಕಾಲದಿಂದ ಇಂದಿನ ವನಮಹೋತ್ಸವದವರೆಗೆ ಬಂದಿದೆ. ಅದು ತಪ್ಪು. ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಜೌಗುಮಣ್ಣನ್ನು ಪರೀಕ್ಷಿಸಿ 1993ರಲ್ಲೇ ತೋರಿಸಿದ್ದರು: ಕಳೆದ 20,000 ವರ್ಷಗಳಲ್ಲಿ ಹವೆ ಬದಲಾದಂತೆ ಹುಲ್ಲು ಮತ್ತು ಕಾಡು ಅಲ್ಲಿ ಹೆಚ್ಚುತ್ತ ಕುಗ್ಗುತ್ತ ಬಂದಿವೆ. ಹುಲ್ಲು ಕೊಡಲಿಗಿಂತ ಹಳೆಯದು. ಆದರೂ ನೀಲಗಿರಿ, ಪಳನಿಗಳಲ್ಲಿ ಅಕೇಶಿಯಾ, ನೀಲಗಿರಿ ಮರ, ಪೈನ್ ನೆಟ್ಟೆವು. ಅವು ನಾವು ನೆಟ್ಟಲ್ಲಿಗೇ ನಿಲ್ಲಲಿಲ್ಲ. 1973ರಿಂದ 2017ರ ನಡುವಿನ ಉಪಗ್ರಹ ಚಿತ್ರಗಳನ್ನು ಹೋಲಿಸಿದ ಅಧ್ಯಯನವೊಂದರ ಪ್ರಕಾರ, ಪಶ್ಚಿಮಘಟ್ಟದ ಶೋಲಾ ದ್ವೀಪಗಳ ಹುಲ್ಲುಗಾವಲಿನಲ್ಲಿ ಸುಮಾರು ಕಾಲು ಭಾಗವನ್ನು ಪರದೇಶಿ ಮರಗಳು ನುಂಗಿವೆ.

ಹುಲ್ಲು ಹೋದರೆ ಶೋಲಾಕಿಳಿಗೇನು, ಅದು ಕಾಡಿನ ಹಕ್ಕಿಯಲ್ಲವೇ ಎಂದು ಕೇಳಬಹುದು. ಹುಲ್ಲೂ ಶೋಲಾವೂ ಸೇರಿ ಒಂದೇ ಸಂಸಾರ. ಗುಡ್ಡದ ಹುಲ್ಲು ಹಿಡಿದ ನೀರು ಮಡಿಕೆಯ ಶೋಲಾಕ್ಕೆ ಇಳಿಯುತ್ತದೆ. ಹುಲ್ಲಿಗೂ ತನ್ನದೇ ಹಕ್ಕಿಗಳಿವೆ. ಐಯುಸಿಎನ್ 'ಅಪಾಯದ ಅಂಚಿನಲ್ಲಿ' ಎಂದು ಗುರುತಿಸಿರುವ ಅಗಲ ಬಾಲದ ಹುಲ್ಲುಹಕ್ಕಿ ಮಳೆಗಾಲದಲ್ಲಿ ಇಂಥ ಗುಡ್ಡಗಳಲ್ಲೇ ಗೂಡು ಕಟ್ಟುವುದು.

ಈ ಮಾತು ಎಮ್ಮೆದೊಡ್ಡಿಯವರಿಗೆ ಹೊಸದಾಗಬಾರದು. ಬೆಟ್ಟದ ಬುಡದಲ್ಲೂ ನಡೆದದ್ದು ಇದೇ. ಅಮೃತಮಹಲ್ ರಾಸುಗಳಿಗಾಗಿ ಮೈಸೂರು ಅರಸರ ಕಾಲದಿಂದ ಕಾದಿಟ್ಟ ಕಾವಲುಗಳು ಈ ಸೀಮೆಯುದ್ದಕ್ಕೂ ಇದ್ದವು. ಅಜ್ಜಂಪುರದಲ್ಲಿ ಆ ತಳಿಯ ಸಂವರ್ಧನಾ ಕೇಂದ್ರ ಇಂದಿಗೂ ಇದೆ. ಕಾವಲನ್ನು ಕಡತಗಳು ಬಂಜರು ಎಂದವು. ಒಂದಷ್ಟು ಸಾಗುವಳಿಯಾಯಿತು, ಒಂದಷ್ಟು ನೆಡುತೋಪಾಯಿತು. ಕಡೂರು ತಾಲ್ಲೂಕಿನ ಬಾಸೂರು ಕಾವಲಿನ 736 ಹೆಕ್ಟೇರ್ 2011ರಲ್ಲಿ ಸಂರಕ್ಷಣಾ ಮೀಸಲಾದದ್ದರಿಂದ ಅಲ್ಲಿ ಕೃಷ್ಣಮೃಗಗಳಿಗೆ ನೆಲೆ ಉಳಿದಿದೆ. ಮೇಲಿನ ಹುಲ್ಲು, ಕೆಳಗಿನ ಹುಲ್ಲು ಎರಡನ್ನೂ ನಾವು ಬರಿದಾದ ನೆಲವೆಂದೇ ಕಂಡೆವು.

ಬುಡಕ್ಕೂ ನೆತ್ತಿಗೂ ಬೆಂಕಿಯದು ನೇರ ಸಂಬಂಧ. ಶಿವರಾತ್ರಿಯ ಹೊತ್ತಿಗೆ ಬುಡದ ಕಾಡು ಗರಿಗರಿಯಾಗಿರುತ್ತದೆ. ಅಲ್ಲಿ ಹತ್ತಿದ ಕಿಡಿ ಗಾಳಿ ಸಿಕ್ಕರೆ ಇಳಿಜಾರನ್ನು ಏರಿಯೇ ತೀರುತ್ತದೆ. ಹುಲ್ಲು ಸುಟ್ಟರೂ ಮಳೆಗೆ ಚಿಗುರೀತು. ಶೋಲಾದ ಅಂಚಿನ ಎಳೆಯ ಸಸಿ ಚಿಗುರದು. ಪ್ರತಿ ಬೆಂಕಿಗೂ ಕಾಡು ಒಂದು ಹೆಜ್ಜೆ ಒಳಕ್ಕೆ ಸರಿಯುತ್ತದೆ. ಮೊದಲೇ ಅಂಗೈಯಗಲದ ಶೋಲಾದಲ್ಲಿ ಅಂಚು ಸರಿದಂತೆ, ಕತ್ತಲೆ ಬೇಡುವ ಹಕ್ಕಿಗೆ ಉಳಿಯುವ ನಡುಭಾಗ ಇನ್ನೂ ಕಿರಿದು.

ಇನ್ನು ನಾವು, ನೋಡಲು ಹೋಗುವವರು. 2022ರಲ್ಲಿ ನೀಲಕುರಿಂಜಿ ಅರಳಿದಾಗ ಗಿರಿಶ್ರೇಣಿಯ ರಸ್ತೆಗಳಲ್ಲಿ ಕಾರುಗಳ ಸಾಲು ನಿಂತಿತ್ತು. 2025ರ ಸೆಪ್ಟೆಂಬರಿನಿಂದ ಜಿಲ್ಲಾಡಳಿತ ಗಿರಿಗೆ ಹೋಗುವ ವಾಹನಗಳಿಗೆ ಆನ್‌ಲೈನ್ ಮುಂಗಡ ನೋಂದಣಿ ತಂದು ಸಂಖ್ಯೆಗೆ ಮಿತಿ ಹಾಕಿದೆ. ಒಳ್ಳೆಯ ಹೆಜ್ಜೆ. ಮೇ, ಜೂನ್‌ನಲ್ಲಿ ಗೂಡು ಕಟ್ಟುವ ಹಕ್ಕಿಗೂ ಬೇಸಿಗೆ ರಜೆಯ ಜನಸಂದಣಿಗೂ ಒಂದೇ ಋತು ಎಂಬುದನ್ನು ಆ ಮಿತಿ ನಿಗದಿಪಡಿಸುವವರು ಗಮನಿಸಬೇಕು.

---

ಹಕ್ಕಿಯ ಮನೆಯೇ ಕೆರೆಯ ಮೂಲ

ಬಾಬಾಬುಡನ್‌ಗಿರಿಯ ಪೂರ್ವದ ಮಗ್ಗುಲಲ್ಲಿ ವೇದಾ, ಅವತಿ ಎಂಬ ಎರಡು ಹಳ್ಳಗಳು ಹುಟ್ಟುತ್ತವೆ.

ವೇದಾ ಸಖರಾಯಪಟ್ಟಣದ ಬಳಿ ಅಯ್ಯನಕೆರೆಯನ್ನು ತುಂಬುತ್ತದೆ.

ಅವತಿ ಎಮ್ಮೆದೊಡ್ಡಿ ಸೀಮೆಯ ಮದಗದಕೆರೆಯನ್ನು ತುಂಬುತ್ತದೆ. ನಾಡಿಗೆಲ್ಲ ಪರಿಚಿತವಾದ ಮಳೆಯ ಜನಪದ ಹಾಡಿನ ಕೆರೆ ಇದೇ ಎಂಬುದು ಇಲ್ಲಿನವರ ಅಭಿಮಾನ.

ಎರಡೂ ಕಡೂರಿನ ಬಳಿ ಕೂಡಿ ವೇದಾವತಿಯಾಗಿ ಚಿತ್ರದುರ್ಗದತ್ತ ಹರಿಯುತ್ತವೆ.

ವರ್ಷಕ್ಕೆ ಆರುನೂರು ಮಿಲಿಮೀಟರ್ ಆಸುಪಾಸಿನ ಮಳೆ ಕಾಣುವ ಕಡೂರು ಸೀಮೆಯ ಕೆರೆಗಳು ತುಂಬುವುದು ತಮ್ಮ ಮೇಲೆ ಬಿದ್ದ ಮಳೆಯಿಂದಷ್ಟೇ ಅಲ್ಲ, ಗಿರಿಯ ನೆತ್ತಿಯಲ್ಲಿ ಬಿದ್ದ ಮಳೆಯಿಂದಲೂ.

---

ಕಿವಿಯಿಂದ ಎಣಿಸುವ ಕೆಲಸ

2023ರ 'ಭಾರತದ ಹಕ್ಕಿಗಳ ಸ್ಥಿತಿಗತಿ' ವರದಿ 942 ಪ್ರಭೇದಗಳನ್ನು ಪರಿಶೀಲಿಸಿ, 178ಕ್ಕೆ ತುರ್ತು ಗಮನ ಬೇಕೆಂದು ಹೇಳಿತು. ಸುಮಾರು 30,000 ಹವ್ಯಾಸಿಗಳು ಕಳಿಸಿದ ಮೂರು ಕೋಟಿ ದಾಖಲೆಗಳು ಅದರ ಬುನಾದಿ. ಅಂದರೆ ಎಣಿಸುವವರು ನಮ್ಮ ನಿಮ್ಮಂಥವರೇ. ಪಕ್ಕದ ಕೇರಳದಲ್ಲಿ 2015ರಿಂದ 2020ರವರೆಗೆ ಹವ್ಯಾಸಿಗಳೇ ಇಡೀ ರಾಜ್ಯವನ್ನು ಚೌಕಗಳಾಗಿ ಸೀಳಿ, ಒಣ ಋತುವಿನಲ್ಲೊಮ್ಮೆ ಮಳೆಗಾಲದಲ್ಲೊಮ್ಮೆ ನಡೆದು ಹಕ್ಕಿಗಳ ಭೂಪಟ ಸಿದ್ಧಪಡಿಸಿದರು.

ಚಿಕ್ಕಮಗಳೂರಿಗೆ ಇದು ಕಷ್ಟವಲ್ಲ. ಹಕ್ಕಿ ನೋಡುವ ಹುಚ್ಚನ್ನು ಕನ್ನಡಿಗರಿಗೆ ಹತ್ತಿಸಿದ ಪೂರ್ಣಚಂದ್ರ ತೇಜಸ್ವಿ ಬದುಕಿದ್ದು ಇದೇ ಜಿಲ್ಲೆಯ ಮೂಡಿಗೆರೆಯಲ್ಲಿ. ಕ್ಯಾಮೆರಾ ಹಿಡಿದ ತೋಟದವರು, ಕಾಲೇಜು ಮೇಷ್ಟರು, ಅರಣ್ಯ ವಾಚರ್‌ಗಳು ಇಲ್ಲಿ ಊರಿಗೆ ನಾಲ್ಕು ಮಂದಿ ಸಿಗುತ್ತಾರೆ.

ಶೋಲಾಕಿಳಿಯನ್ನು ಕಣ್ಣಿನಿಂದ ಎಣಿಸಹೊರಟರೆ ಸೋಲು ಖಂಡಿತ. ಅದನ್ನು ಎಣಿಸಬೇಕಾದದ್ದು ಕಿವಿಯಿಂದ. ಗಂಡು ತನ್ನ ಎಲ್ಲೆಯಲ್ಲಿ ನಿಂತು ಹಾಡುತ್ತದೆ, ಪಕ್ಕದ ಎಲ್ಲೆಯ ಗಂಡು ಉತ್ತರ ಕೊಡುತ್ತದೆ. ಏಪ್ರಿಲ್ ಕೊನೆಯಿಂದ ಮಳೆ ಹಿಡಿಯುವವರೆಗಿನ ಬೆಳಗುಗಳಲ್ಲಿ ಶೋಲಾದ ಹೊರ ಅಂಚಿನಲ್ಲಿ ಕಾಲು ಗಂಟೆ ನಿಂತು ಎಷ್ಟು ಕೊರಳು ಕೇಳಿದವೆಂದು ಬರೆದುಕೊಂಡರೆ ಸಾಕು, ಒಳಗೆ ಕಾಲಿಡಬೇಕಿಲ್ಲ. ಧ್ವನಿಮುದ್ರಣ ಕೇಳಿಸಿ ಹಕ್ಕಿಯನ್ನು ಹೊರಗೆಳೆಯುವ ಫೋಟೋದವರ ಚಾಳಿಯಂತೂ ಬೇಡವೇ ಬೇಡ. ಗೂಡಿನ ಕಾಲದಲ್ಲಿ ಅದು ಹಕ್ಕಿಯನ್ನು ದಣಿಸುತ್ತದೆ. ಮರಕ್ಕೆ ಕಟ್ಟಿ ಬಿಡುವ ಧ್ವನಿಗ್ರಾಹಕ ಯಂತ್ರಗಳೂ ಈಗ ಬಂದಿವೆ. ಬೆಳಗಿನ ಹಾಡನ್ನು ವಾರಗಟ್ಟಲೆ ಹಿಡಿದಿಡುತ್ತವೆ.

ಮೊದಲು ಬೇಕಾದದ್ದು ಒಂದು ನಕ್ಷೆ. ಕೆಮ್ಮಣ್ಣುಗುಂಡಿಯಿಂದ ಮುಳ್ಳಯ್ಯನಗಿರಿಯವರೆಗಿನ ಒಂದೊಂದು ಶೋಲಾಕ್ಕೂ ಒಂದು ಸಂಖ್ಯೆ, ಅದರ ವಿಸ್ತೀರ್ಣ, ಕಳೆದ ಬೆಂಕಿಯ ವರ್ಷ, ಅಲ್ಲಿ ಕೇಳಿದ ಕೊರಳುಗಳ ಎಣಿಕೆ. ಅರಣ್ಯ ಇಲಾಖೆಯ ವಲಯ ಕಚೇರಿ, ಜಿಲ್ಲೆಯ ಕಾಲೇಜುಗಳ ಜೀವಶಾಸ್ತ್ರ ವಿಭಾಗ, ಬೆಟ್ಟದ ಬುಡದ ಪಂಚಾಯಿತಿಗಳ ಜೀವವೈವಿಧ್ಯ ನಿರ್ವಹಣಾ ಸಮಿತಿ, ಈ ಮೂರು ಕಡೆ ಆ ನಕ್ಷೆಯ ಪ್ರತಿ ಇರಬೇಕು. ಪಂಚಾಯಿತಿಯ ಪ್ರತಿ ಮುಖ್ಯ, ಏಕೆಂದರೆ ಫೆಬ್ರುವರಿಯಲ್ಲಿ ಹೊಗೆ ಮೊದಲು ಕಾಣುವುದು ಅವರಿಗೆ. ಯಾವ ಹಳ್ಳದ ತಲೆಯ ಶೋಲಾ ಸುಡುತ್ತಿದೆ, ಅದು ಯಾವ ಕೆರೆಗೆ ನೀರು ಕೊಡುವಂಥದು ಎಂಬುದು ಆಗ ಅವರಿಗೆ ಸಂಖ್ಯೆಯ ಸಮೇತ ಗೊತ್ತಿರುತ್ತದೆ.